ವೈಜಿನಾಥನ ತಿರುವು

ರಾಜೇಶ್ವರ, ತಾಲೂಕು ಬಸವಕಲ್ಯಾಣ
9 ಫೆಬ್ರುವರಿ 2025, ಭಾನುವಾರ

ಪ್ರೀತಿಯ ಮೊಮ್ಮಗಳು ಸುಜಾತಾಳಿಗೆ,

ನಿನ್ನ ಆಯಿಯ ಜೈ ಭೀಮ್. ಮೈಯಲ್ಲಿ ಹುಷಾರಿದ್ದೀಯಾ? ಹೋದ ಸಲ ಬಂದಾಗ ಒಣಕೆಮ್ಮು ಕೆಮ್ಮುತ್ತಿದ್ದೆ. ಸುಟ್ಟ ಟೈರಿನ ಹೊಗೆ ಕುಡಿದು ಗಂಟಲು ಕೆಟ್ಟಿದೆ ಎಂದರೆ ನೀನು ನಕ್ಕುಬಿಟ್ಟೆ. ನಗುವ ಮಾತಲ್ಲ ಅದು. ಟ್ರಯಲ್ ರೇಸಿನಲ್ಲಿ ತಿರುವಿನ ಪಕ್ಕ ಬಾವುಟ ಹಿಡಿದು ನಿಲ್ಲುವಾಗ ಬಾಯಿಗೆ ಬಟ್ಟೆ ಕಟ್ಟಿಕೋ. ರಾತ್ರಿ ಬಿಸಿನೀರಿಗೆ ಅರಿಶಿನ ಹಾಕಿ ಕುಡಿ. ನನ್ನ ಮೊಣಕಾಲು ಹಾಗೇ ಇದೆ, ಕೂತರೆ ಏಳಲಿಕ್ಕೆ ಬಿಡುವುದಿಲ್ಲ, ಎದ್ದರೆ ಕೂರಲಿಕ್ಕೆ ಬಿಡುವುದಿಲ್ಲ. ಎಡಗಣ್ಣಿನ ಪೊರೆ ತೆಗೆಸಬೇಕೆಂದು ಹುಮನಾಬಾದಿನ ಡಾಕ್ಟರು ಹೇಳಿದ್ದಾರೆ. ಕಡಲೆ ಕಿತ್ತು ಮುಗಿಯಲಿ, ಆಮೇಲೆ ನೋಡೋಣ. ನಿನ್ನ ಅವ್ವ ರತ್ನಮಾಲಾ ಚೆನ್ನಾಗಿದ್ದಾಳೆ, ಅಂಗನವಾಡಿಗೆ ಹೋಗಿ ಬರುತ್ತಾಳೆ. ನಿನ್ನ ತಮ್ಮ ಸಂಘರತ್ನನಿಗೆ ಬಸವಕಲ್ಯಾಣದ ಟ್ರ್ಯಾಕ್ಟರ್ ಶೋರೂಮಿನ ಕೆಲಸ ಕಾಯಂ ಆಯಿತು. ಮನೆಗೆ ಬಂದರೂ ಕೈಯಿಂದ ಗ್ರೀಸಿನ ವಾಸನೆ ಹೋಗುವುದಿಲ್ಲ, ಅವನಪ್ಪನ ಹಾಗೆ.

ಮೊನ್ನೆ ಫೋನ್ ಕಟ್ ಮಾಡಿದ್ದು ನಾನೇ. ಲೈನು ಹೋಯಿತು ಅಂದುಕೊಳ್ಳಬೇಡ. ಫೋನಿನಲ್ಲಿ ನನಗೆ ಸಿಟ್ಟು ಮೊದಲು ಬರುತ್ತದೆ, ಮಾತು ಆಮೇಲೆ ಬರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಓದಿಕೋ. ನೀನು ಹೇಳಿದ್ದು ನನಗೆ ತಿಳಿದಿದೆ. ಪುಣೆಯ ಆಚೆ ನಿಮ್ಮವರು ಕಟ್ಟಿರುವ ಆ ಮೋಟಾರ್ ರೇಸಿನ ಟ್ರ್ಯಾಕಿನಲ್ಲಿ ತಿರುವುಗಳಿಗೆ ಈಗ ಬರೀ ನಂಬರು ಇವೆ. ಉದ್ಘಾಟನೆಗೆ ಮುಂಚೆ ಒಂದೊಂದಕ್ಕೂ ಹೆಸರು ಇಡುತ್ತಾರೆ. ಒಂದು ಟೈರು ಕಂಪನಿಗೆ ಹೋಯಿತು, ಒಂದು ಎಣ್ಣೆ ಕಂಪನಿಗೆ, ಇನ್ನೊಂದಕ್ಕೆ ಅಲ್ಲಿ ಮುಚ್ಚಿದ ಬಾವಿಯ ಹೆಸರು. ಕೊನೆಗೆ ಎರಡು ಉಳಿದವು. ಅದರಲ್ಲಿ ಒಂದಕ್ಕೆ ಬಾವುಟದವರು ಹೆಸರು ಇಡಲಿ ಎಂದರು, ಚೀಟಿ ಎತ್ತಿದರೆ ನಿನ್ನದು ಬಂತು. ಗ್ಯಾಲರಿಯ ಎದುರಿನ ದೊಡ್ಡ ತಿರುವು, ಗಾಡಿಗಳು ಎಲ್ಲಕ್ಕಿಂತ ಜೋರಾಗಿ ಹೋಗುವ ತಿರುವು, ಅದಕ್ಕೆ ಅಪ್ಪನ ಹೆಸರು ಇಡುತ್ತೇನೆ ಎಂದೆ ನೀನು. “ಹಿಂದಿನ ಆ ಗಿಡ್ಡ ತಿರುವು ಯಾರಿಗೂ ಬ್ಯಾಡ ಆಯಿ, ಎಂಥಾ ಶೂರ ಇದ್ರೂ ಅಲ್ಲಿ ಬ್ರೇಕ್ ಒತ್ತಿ ಆಮಿ ಹಂಗ ಹೋಗಬೇಕು” ಎಂದು ನಕ್ಕೆ. ತಿಂಗಳ ಕೊನೆಯೊಳಗೆ ಹೂಂ ಅನ್ನು ಎಂದೆ. ನಾನು ಬೇಡ ಎಂದೆ. ಯಾಕೆ ಅಂತ ಈಗ ಹೇಳುತ್ತೇನೆ, ಪೂರ್ತಿ ಓದು.

ನಿನ್ನ ಅಪ್ಪ ವೈಜಿನಾಥ ರಾಜೇಶ್ವರದಿಂದ ಹುಮನಾಬಾದಿಗೆ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದ. ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ಅವನ ತೊಡೆಯ ಮೇಲೆ ಕೂತು ಹಾರ್ನ್ ಒತ್ತುವಷ್ಟು ಇದ್ದೆ. ಅವನಷ್ಟು ನಿಧಾನ ಗಾಡಿ ಹೊಡೆಯುವವ ಈ ಸಡಕಿನಲ್ಲಿ ಹುಟ್ಟಿಲ್ಲ. ಜನ ಬೈಯುತ್ತಿದ್ದರು. “ವೈಜಿನಾಥನ ಗಾಡಿ ಹತ್ತಿದ್ರ ಸಂತಿ ಮುಗದ ಮ್ಯಾಲ ಮುಟ್ಟತೀವಿ” ಎನ್ನುತ್ತಿದ್ದರು. ಅವನು ಹಿಂದೆ ತಿರುಗದೆ, “ಮುಟ್ಟತೀರಲ್ಲ, ಅಷ್ಟು ಸಾಕಲ್ರಿ” ಎನ್ನುತ್ತಿದ್ದ. ಅಂಥವನನ್ನು ಬೇವಿನ ಗಿಡದ ತಿರುವಿನಲ್ಲಿ ಎದುರಿನಿಂದ ಬಂದ ಕಬ್ಬಿನ ಲಾರಿ ಒಯ್ದಿತು. ಮುಂದಿನ ಗಾಡಿಯನ್ನು ದಾಟುವ ಅವಸರ ಲಾರಿಯವನಿಗೆ. ಅವಸರ ಅವನದು, ಹೋದದ್ದು ನನ್ನ ಮಗ. ಸಂಘರತ್ನ ಆಗ ತೊಟ್ಟಿಲಲ್ಲಿದ್ದ.

ನಮ್ಮ ಸಡಕಿನ ರೀತಿ ನಿನಗೆ ಗೊತ್ತು. ಯಾರು ಎಲ್ಲಿ ಬಿದ್ದರೋ ಆ ತಿರುವಿಗೆ ಅವರ ಹೆಸರು. ಕಲ್ಲು ನೆಡುವುದಿಲ್ಲ, ಬೋರ್ಡು ಹಾಕುವುದಿಲ್ಲ, ಮನೆಯವರನ್ನು ಕೇಳುವುದೂ ಇಲ್ಲ. ಹುಮನಾಬಾದ್ ಸ್ಟ್ಯಾಂಡಿನ ಡ್ರೈವರುಗಳ ಬಾಯಿಂದ ಶುರುವಾಗುತ್ತದೆ, ಆಮೇಲೆ ಬಸ್ಸಿನವರು ಹಿಡಿಯುತ್ತಾರೆ. ಅವನನ್ನು ಮಣ್ಣಿಗೆ ಕೊಟ್ಟ ಮೇಲೆ ಮೊದಲ ಸಲ ಸಂತೆಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಕಂಡಕ್ಟರ್ ಬಸವಣಪ್ಪ ಕೂಗಿದ, “ವೈಜಿನಾಥನ ತಿರುವಿನಾಗ ಇಳಿಯೋರು ಯಾರ್ರಿ, ಮುಂದ ಬರ್ರಿ.” ನನ್ನ ಕೈಯಲ್ಲಿದ್ದ ಮೆಣಸಿನಕಾಯಿ ಚೀಲ ಅವನ ಮುಖಕ್ಕೆ ಬೀಸಿದೆ. ಅದು ತಿರುವಲ್ಲೋ ಭಾಡಕಾವ್, ನನ್ನ ಮಗ ಎಂದೆ. ಅವನು ಕೆಳಗೆ ಬಿದ್ದ ಮೆಣಸಿನಕಾಯಿ ಆರಿಸಿ ಚೀಲಕ್ಕೆ ತುಂಬಿ ನನ್ನ ಮಡಿಲಲ್ಲಿ ಇಟ್ಟ. “ಸಿಟ್ಟಾಗಬ್ಯಾಡ್ರಿ ಆಯಿ. ಬೇವಿನ ತಿರುವು ಅಂದ್ರ ಯಾವ ಡ್ರೈವರೂ ಕೇಳ್ತಿದ್ದಿಲ್ಲ. ವೈಜಿನಾಥ ಅಂದ್ರ ಈಗ ಕಾಲು ತಾನೇ ಬ್ರೇಕಿನ ಮ್ಯಾಲ ಹೋಗ್ತದ” ಎಂದ. ನಾನು ಚೀಲದ ಬಾಯಿ ಕಟ್ಟಿ ಕೂತೆ.

ಆದರೂ ಒಪ್ಪಿಕೊಂಡೆ ಅನ್ನಬೇಡ. ಊರವರ ಬಾಯಿಗೆ ಬೀಗ ಹಾಕಲಿಕ್ಕೆ ಆಗುವುದಿಲ್ಲ, ನನ್ನ ಮನೆಗೆ ಹಾಕಿದೆ. ಆ ಹೆಸರು ಇಲ್ಲಿ ಎತ್ತಬೇಡ ಎಂದು ನಿನ್ನ ಅವ್ವನಿಗೆ ಹೇಳಿದೆ. ಹಗಲೆಲ್ಲ ಸಡಕಿನ ಮೇಲೆ ಕೂಗುವ ಹೆಸರು ಒಲೆಯ ಮುಂದೂ ಯಾಕೆ? ಕಬ್ಬಿನ ಹಂಗಾಮು ಬಂದಾಗ ಮಾತ್ರ ಕೆಂಪು ಬಟ್ಟೆ ಹಿಡಿದು ಆ ಬೇವಿನ ಕೆಳಗೆ ನಿಲ್ಲುತ್ತಿದ್ದೆ, ಲಾರಿ ಕಂಡರೆ ಬೀಸುತ್ತಿದ್ದೆ, ನಿಲ್ಲದವನಿಗೆ ಅವನ ಏಳು ತಲೆಮಾರು ಸೇರಿಸಿ ಬೈಯುತ್ತಿದ್ದೆ. ಮುದುಕಿಗೆ ತಲೆ ಕೆಟ್ಟಿದೆ ಎಂದರು. ಅನ್ನಲಿ. ನಿಧಾನ ಅಂತೂ ಆಗುತ್ತಿದ್ದರು.

ಆಮೇಲೆ ನಾಲ್ಕು ಲೈನಿನ ರಸ್ತೆ ಬಂತು. ಬೇವು ಕಡಿದರು, ಗುಡ್ಡದ ಮೂಲೆ ಸೀಳಿದರು, ತಿರುವನ್ನೇ ನೆಟ್ಟಗೆ ಮಾಡಿದರು. ಒಳ್ಳೆಯದೇ ಆಯಿತು, ಇನ್ನೊಬ್ಬರ ಮಗ ಉಳಿಯುತ್ತಾನೆ. ಹೋದ ತಿಂಗಳು ಕಣ್ಣು ತೋರಿಸಲಿಕ್ಕೆ ಹುಮನಾಬಾದಿಗೆ ಹೋಗುವಾಗ ಆ ಜಾಗ ಬಂತು. ಕಂಡಕ್ಟರ್ ಹೊಸ ಹುಡುಗಿ, ಕೂಗಲಿಲ್ಲ. ನಾನೇ ಕೂಗಿದೆ, ವೈಜಿನಾಥನ ತಿರುವು ಬಂತು ಎಂದು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, “ತಿರುವು ಎಲ್ಲದರಿ ಅಮ್ಮಾ ಇಲ್ಲಿ? ಸಡಕ್ ಸೀದಾ ಅದ” ಎಂದ. ಸೀದಾನೇ ಇತ್ತು. ಬಸ್ಸು ಭರ್ರನೆ ಹೋಯಿತು. ಆಗ ಅಂದುಕೊಂಡೆ, ಸಡಕಿಗೇ ಬೇಡವಾಗಿದೆ, ಮುಗಿಯಿತು ಬಿಡು, ಇನ್ನಾದರೂ ಅವನು ಸುಮ್ಮನೆ ಮಲಗಲಿ ಎಂದು.

ಈಗ ನೀನು ಅವನನ್ನು ಎಬ್ಬಿಸುತ್ತೇನೆ ಅನ್ನುತ್ತೀಯ. ನಿನ್ನ ಫೋನ್ ಬಂದ ಮೇಲೆ ಸಂಘರತ್ನ ಮೊಬೈಲಿನಲ್ಲಿ ಯಾವುದೋ ದೇಶದ ರೇಸು ತೋರಿಸಿದ. ಗಾಡಿಗಳು ಜೇನು ಹುಳದ ಹಾಗೆ ಗುಂಯ್ ಅನ್ನುತ್ತ ಹೋಗುತ್ತವೆ, ಮೈಕಿನವನು ತಿರುವುಗಳ ಹೆಸರು ಹಿಡಿದು ಕಿರುಚುತ್ತಾನೆ. ಒಂದು ಹೆಸರು ಪದೇ ಪದೇ ಬಂತು. ಇವನು ಯಾರೋ ಎಂದೆ. “ಯಾರಿಗೊತ್ತು ಆಯಿ, ಅದು ತಿರುವಿನ ಹೆಸರು ಅಷ್ಟ” ಎಂದ. ನೋಡಿದೆಯಾ? ನಿನ್ನ ಅಪ್ಪನೂ ಹಾಗೇ ಆಗುತ್ತಾನೆ. ವೈಜಿನಾಥದಲ್ಲಿ ಒಬ್ಬ ಬಿದ್ದ, ವೈಜಿನಾಥದಲ್ಲಿ ಗಾಡಿ ಪಲ್ಟಿ ಹೊಡೆಯಿತು ಅನ್ನುತ್ತಾರೆ, ಗ್ಯಾಲರಿಯವರು ಎದ್ದು ನಿಂತು ಸೀಟಿ ಹೊಡೆಯುತ್ತಾರೆ. ಇಲ್ಲಿ ಹೆಸರು ಕೇಳಿದರೆ ಬ್ರೇಕ್ ಒತ್ತುತ್ತಿದ್ದರು, ಅಲ್ಲಿ ಕೇಳಿದರೆ ಜೋರು ಮಾಡುತ್ತಾರೆ. ಒಂದು ದಿನವೂ ಓಡದವನ ಹೆಸರನ್ನು ಓಡುವವರ ಕಾಲಕೆಳಗೆ ಹಾಕಬೇಡ. ನಿನ್ನ ಅವ್ವ ಒಪ್ಪಿದ್ದಾಳೆಂದು ಗೊತ್ತು, ನನ್ನ ಮುಂದೆ ಬಾಯಿ ಬಿಡುವುದಿಲ್ಲ ಅಷ್ಟೇ. ನಾನು ಹೆತ್ತವಳು, ನನ್ನ ಮಾತು ಬೇಡ ಎಂದೇ.

ಸಿಟ್ಟಿನಲ್ಲಿ ಊಟ ಬಿಡಬೇಡ. ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದೇನೆ, ಮೋರಖಂಡಿಯ ನಿನ್ನ ಗೆಳತಿ ಅನುರಾಧಾ ಪುಣೆಗೆ ಬರುವಾಗ ಕೊಟ್ಟು ಕಳಿಸುತ್ತೇನೆ. ಬಾವುಟ ಬೀಸುವಾಗ ಗಾಡಿಯ ಕಡೆ ಮುಖ ಮಾಡಿ ನಿಲ್ಲು, ಬೆನ್ನು ಕೊಡಬೇಡ. ನಿನ್ನನ್ನು ಕೇಳಿದೆ ಅಂತ ಬರೆಯಲು ನಿನ್ನ ಅವ್ವ ಹೇಳಿದ್ದಾಳೆ. ನೂರು ವರ್ಷ ಬಾಳು.

ನಿನ್ನ ಆಯಿ,
ದ್ರೌಪತಿ

ತಾ.ಕ. ಸೋಮವಾರ ಬೆಳಿಗ್ಗೆ. ಕಾಗದ ಅಂಚೆಗೆ ಹಾಕಬೇಕಾದ ಸಂಘರತ್ನ ಹೊಸ್ತಿಲಲ್ಲೇ ನಿಂತು ಓದಿಬಿಟ್ಟ. ಬೈದೆ. ತಲೆ ತಗ್ಗಿಸಿ ಬೈಸಿಕೊಂಡ. ಆಮೇಲೆ ಅಂದ, “ಆಯಿ, ಮನ್ಯಾಗ ನೀ ಅಪ್ಪನ ಹೆಸರು ಎತ್ತಾಕ ಬಿಡಲಿಲ್ಲ. ನಾ ಅದನ್ನ ಮೊದಲ ಕೇಳಿದ್ದೇ ಬಸ್ಸಿನಾಗ, ಬಸವಣಪ್ಪ ಕಾಕಾನ ಬಾಯಾಗ. ಹೈಸ್ಕೂಲಿಗಿ ಹೋಗೂವಾಗ ದಿನಾ ಅವ ಕೂಗಿದ ಕೂಡ್ಲೇ ಕಿಟಕಿ ಹೊರಗ ನೋಡ್ತಿದ್ದೆ, ಅಪ್ಪ ನಿಂತಾನೇನೋ ಅನ್ನೂ ಹಂಗ. ಈಗ ಯಾವ ಕಡಿ ನೋಡ್ಲಿ?” ಕಾಗದ ಅವನ ಕೈಯಿಂದ ವಾಪಸ್ ಇಸಿದುಕೊಂಡೆ. ಬೇರೆ ಕಾಗದ ಬರೆಯಲು ಕೈ ನೋಯುತ್ತದೆ, ಮೇಲೆ ಬರೆದದ್ದು ಹಾಗೇ ಇರಲಿ. ಆದರೆ ಹೆಸರು ಇಡು. ದೊಡ್ಡ ತಿರುವಿಗೆ ಅಲ್ಲ, ಹಿಂದಿನ ಆ ಗಿಡ್ಡ ತಿರುವಿಗೆ, ಶೂರರೆಲ್ಲ ಆಮೆ ಹಾಗೆ ಹೋಗುವುದಕ್ಕೆ. ಮೈಕಿನವನಿಗೆ ಅವನು ಯಾರೆಂದು ನೀನೇ ಕೂತು ಹೇಳು, ಟಂಟಂ ಓಡಿಸುತ್ತಿದ್ದ, ಎಲ್ಲರನ್ನೂ ಮುಟ್ಟಿಸುತ್ತಿದ್ದ ಎಂದು. ಸಂಘರತ್ನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿಧಾನ ಹೋಗೋ ವೈಜಿನಾಥನ ಮಗನೇ ಎಂದು ಈಗ ಬಾಗಿಲಿಗೆ ಹೋಗಿ ಕೂಗುತ್ತೇನೆ, ಓಣಿಗೆಲ್ಲ ಕೇಳುವ ಹಾಗೆ.