ಫ್ರಿಜ್ಜಿಗೆ ಹೇಳಿದ ಮಾತು

ಫ್ರಿಜ್ಜಪ್ಪಾ,

ಜಗಳ ಆದಾಗಿಂದ ನಮ್ಮನೆಯವರು ನನಗೆ ಹೇಳೋದನ್ನೆಲ್ಲ ನಿನಗೇ ಹೇಳ್ತಿದಾರೆ. "ಸಾರಿಗೆ ಉಪ್ಪಿಲ್ಲ ಅಂತ ಇವಳಿಗೆ ಹೇಳು ಮಾರಾಯ" ಅಂದಾಗ ನಗು ಬಂತು, ಸಿಂಕ್ ಕಡೆ ತಿರುಗಿ ನುಂಗ್ಕೊಂಡೆ. ಈಗ ನನ್ನದೂ ಅವರಿಗೆ ಹೇಳು.

ದೋಸೆ ಹಿಟ್ಟು ನಿನ್ನೊಳಗೇ ಇದೆ. ಬಿಪಿ ಮಾತ್ರೆ ತಿಂಡಿ ಆದ್ಮೇಲೆ ತಗೊಳ್ಳಲಿ.

ಅಮ್ಮನ ಗಡ್ಡೆ ರಿಪೋರ್ಟ್ ಇವತ್ತು ಬರುತ್ತೆ, ನಾನು ಭದ್ರಾವತಿಗೆ ಹೊರಟೆ. "ನಿಮ್ಮಮ್ಮಂದು ಯಾವಾಗ್ಲೂ ಇದ್ದದ್ದೇ" ಅಂತ ಅವತ್ತು ಅಂದ್ರಲ್ಲ, ಆ ಮಾತು ಇನ್ನೂ ಚುಚ್ತಾ ಇದೆ. ಅದನ್ನೂ ಬಿಡದೆ ಹೇಳು.

ರೀ, ಹನ್ನೊಂದಕ್ಕೆ ಡಾಕ್ಟರ್ ಒಳಗೆ ಕರೀತಾರೆ. ಅಮ್ಮನ ಎದುರು ಅಳದೆ ಕೂತ್ಕೊಳ್ಳೋದು ನನ್ನೊಬ್ಬಳ ಕೈಲಿ ಆಗಲ್ಲ. ಬೈಕ್ ಬೇಡ, ವಿದ್ಯಾನಗರ ಸ್ಟಾಪಲ್ಲೇ ಬಸ್ ಸಿಗುತ್ತೆ. ಫ್ರಿಜ್ಜು ಮನೇಲೇ ಇರಲಿ, ನೀವು ಬನ್ನಿ.

ಸುಮನಾ