ಅಣ್ಣ ಕೊಡಬೇಕಾದ ಡಬ್ಬಿ

ಮಾರ್ಚ್ ೧೪, ಬೆಳಿಗ್ಗೆ ಆರೂವರೆ. ಕಸದ ಬುಟ್ಟಿಯಲ್ಲಿ ಎಣಿಸಿದೆ: ಹನ್ನೊಂದು ಪದಾರ್ಥಗಳು.

ದೊಡ್ಡವನೇ,

ಬ್ರೆಡ್ಡು, ಮೊಸರು, ಅಣಬೆ, ಕೊನೆಗೆ ನನ್ನ ಬಿಸ್ಕತ್ತನ್ನೂ ಎಸೆದಿದ್ದೀಯೆ. ಕರುಳಿನಲ್ಲಿರುವ ಯೀಸ್ಟಿನಂಥ ಶಿಲೀಂಧ್ರಗಳಿಗೂ ನಿನ್ನ ತಂಗಿಯ ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೂ ನಂಟಿರಬಹುದು ಎಂದು ಓದಿ, ಅಡುಗೆಮನೆಯ ಮೇಲೆ ದಂಡೆತ್ತಿ ಹೋಗಿದ್ದೀಯೆ. ಆ ಲೇಖನವನ್ನು ನಾನೂ ಓದಿದೆ, ಕೊನೆಯ ಸಾಲಿನವರೆಗೆ. ಶಿಲೀಂಧ್ರ ಹೆಚ್ಚಿದ್ದರಿಂದ ರೋಗ ಬಂತೋ, ರೋಗ ಬಂದದ್ದರಿಂದ ಶಿಲೀಂಧ್ರ ಹೆಚ್ಚಿತೋ, ಬರೆದವರಿಗೇ ತಿಳಿದಿಲ್ಲ. ಲೆಕ್ಕ ಬಿಡಿಸುವ ಮೊದಲೇ ಉತ್ತರ ಬರೆಯುವ ಚಾಳಿ ನಿನಗೆ ಏಳನೆಯ ತರಗತಿಯಿಂದಲೂ ಇದೆ.

ನೀನು ಅವಳಿಗೆ ಹೇರಿದ ಪಥ್ಯದ ಮೂರು ವಾರಗಳಲ್ಲಿ ಅವಳ ತೂಕ ಎರಡು ಕಿಲೋ ಇಳಿದಿದೆ. ಅವಳ ಕಾಲಿಗೆ ಬಲ ಬೇಕು, ನಿನ್ನ ಉಪನ್ಯಾಸ ಬೇಡ. ಬ್ರೆಡ್ಡು ತಂದಿಡು.

ಅವಳಿಗೆ ಇಂಜೆಕ್ಷನ್ ಹಾಕಿಸಲು ಆಸ್ಪತ್ರೆಗೆ ಹೊರಟಿದ್ದೇವೆ. ಅಲ್ಲಿನ ಸಂಶೋಧಕರು ಈ ಶಿಲೀಂಧ್ರದ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದಾರೆ. ಹೋಲಿಸಿ ನೋಡಲು ಅವರಿಗೆ ರೋಗಿಯ ಮನೆಯಲ್ಲೇ ಉಣ್ಣುವ, ಆರೋಗ್ಯವಂತ ಒಡಹುಟ್ಟಿದವರ ಮಲವೂ ಬೇಕು. ಅವಳು ತನ್ನದನ್ನು ಎರಡು ಸಲ ಕೊಟ್ಟಿದ್ದಾಳೆ. ಊರವರೆಲ್ಲರ ಕರುಳಿನ ಬಗ್ಗೆ ಭಾಷಣ ಬಿಗಿಯುವ ನೀನು ನಿನ್ನದರ ಮಾತು ಬಂದರೆ ಮದುಮಗಳಂತೆ ನಾಚುತ್ತೀಯೆ. ನಿನ್ನೆ ಅವಳು, "ಅಣ್ಣಾ, ನನ್ನ ಹೊಟ್ಟೆ ಉದ್ಧಾರ ಮಾಡಿದ್ದು ಸಾಕು, ನಿನ್ನ ಡಬ್ಬಿ ಕೊಡೋ" ಎಂದರೆ, ನೀನು ಕೋಣೆಯ ಬಾಗಿಲು ಹಾಕಿಕೊಂಡೆ.

ಇಂದು ನಿನ್ನದು ಸೇರದಿದ್ದರೆ ಅವಳದನ್ನೂ ಅಧ್ಯಯನದಿಂದ ಕೈಬಿಡುತ್ತಾರೆ. ಡಬ್ಬಿಯೂ ಕೈಗವಸೂ ಬಚ್ಚಲಿನ ಕಿಟಕಿಯಲ್ಲಿವೆ. ಡಬ್ಬಿ ಒಯ್ಯಲು ಆಸ್ಪತ್ರೆಯವನು ಹತ್ತು ಗಂಟೆಗೆ ಬರುತ್ತಾನೆ.

ತಂಗಿಗೆ ನೀನು ಕೊಡಬೇಕಾಗಿರುವುದು ಒಂದು ಚಮಚದಷ್ಟು. ಅದೇ ಇನ್ನೂ ಬಾಕಿ.

— ಅಪ್ಪ