ಮೊದಲು ಅಳಿಸುವ ಸಾಲು

ಶಹಾಪುರ, ಜುಲೈ ೧೪, ಸೋಮವಾರ

ತಂಗಿ ಸಂಘಮಿತ್ರಾಳ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮೂರು ರಾಮಸಮುದ್ರದ ಬೀಸುಕಲ್ಲಿನ ಹಾಡುಗಳಿಗೆಂದು, ವೆಬ್‌ಸೈಟ್ ಕಟ್ಟಿಕೊಡುವ ಕೋಡ್ ಲೈಬ್ರರಿಯೊಂದನ್ನು ನಾನೇ ಬರೆದೆ. ಅದಕ್ಕೆ ಒತ್ತುವ ಬಟನ್ ಇಲ್ಲ, ಬೇಕಾದವರು ತಮ್ಮ ಕೋಡಿನಿಂದಲೇ ಅದನ್ನು ಕರೆಯಬೇಕು. ಒಂದು ಫೋಲ್ಡರಿನಲ್ಲಿ ಮೂಲ ಬರಹ, ಇನ್ನೊಂದರಲ್ಲಿ ಅದರಿಂದ ತಯಾರಾದ ವೆಬ್ ಪುಟ. ರನ್ ಮಾಡಿದಾಗಲೆಲ್ಲ ತಯಾರಾದದ್ದನ್ನು ಪೂರ್ತಿ ಅಳಿಸಿ, ಮೂಲದಿಂದ ಹೊಸದಾಗಿ ಕಟ್ಟುತ್ತದೆ. ಎಷ್ಟು ಚೊಕ್ಕ ವಿನ್ಯಾಸ ಎಂದು ಬೀಗಿದ್ದೆ.

ಇವತ್ತು ರನ್ ಮಾಡಿದೆ. ಸಂಜೆ ತಂಗಿ ಲ್ಯಾಪ್‌ಟಾಪ್ ನೋಡಿ, "ಅಣ್ಣಾ, ದೊಡ್ಡವ್ವನ ಹಾಡು ಕಾಣವಲ್ದಲ್ಲ?" ಎಂದಳು.

"ಎಲ್ಲಿ ಬರ್ದಿದ್ದಿ?"

"ಪುಟದಾಗ. ಮತ್ತೆಲ್ಲಿ ಬರೀಬೇಕು?"

ತಯಾರಾದ ಪುಟವನ್ನೇ ತೆರೆದು ಅದರಲ್ಲಿ ಬರೆದಿದ್ದಾಳೆ; ಇವತ್ತಿನ ರನ್ ಅದನ್ನೂ ಅಳಿಸಿಹಾಕಿತ್ತು. ಕೋಡ್ ಬಾರದವರಿಗೆ ನಾನು ಬೇರೆ ಬಾಗಿಲು ಇಟ್ಟಿರಲೇ ಇಲ್ಲ.

"ದೊಡ್ಡವ್ವನ್ನ ಇನ್ನೊಮ್ಮೆ ಕೇಳು."

"ಆಕಿ ಬೀಸ್ಕೋತ ಕಟ್ಟಿ ಹಾಡ್ತಾಳಣ್ಣ. ನಾಳಿ ಕೇಳಿದ್ರ ಬ್ಯಾರೆನೇ ಬರ್ತದ. ಫೋನ್ ಹಿಡಿದ್ರ ಬಾಯೇ ಬಿಡಂಗಿಲ್ಲ." ಲ್ಯಾಪ್‌ಟಾಪ್ ಮುಚ್ಚುತ್ತ ಹೇಳಿದಳು: "ಆ ಹಾಡಿನಾಗ ನನ್ನ ಹೆಸರು ಹಾಕಿ ಹಾಡಿದ್ಲು."

ಅಳಿಸುವ ಮುನ್ನ 'ಅಳಿಸಲೇ?' ಎಂದು ಕೋಡ್ ಒಮ್ಮೆ ಕೇಳುವ ಹಾಗೆ ಬರೆದಿದ್ದರೆ ಸಾಕಿತ್ತು. ಒಂದೇ ಸಾಲಿನ ಕೆಲಸ. ಅದನ್ನು ಹೇಳುವುದು ಬಿಟ್ಟು, ಎರಡು ಫೋಲ್ಡರಿನ ವ್ಯತ್ಯಾಸವನ್ನು ಅವಳಿಗೆ ಉದ್ದಕ್ಕೆ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, "ಹಂಗಾದ್ರ ನಂದೇ ತಪ್ಪಾತಲ್ಲಣ್ಣ" ಎಂದಳು.

ಅಲ್ಲ ಅನ್ನಬೇಕಿತ್ತು. ಹೂಂ ಅಂದುಬಿಟ್ಟೆ.